ಬೆಟ್ಟಿಂಗ್ ಸೈಟಾ? ಡೆಪಾಸಿಟ್ ಪುಟ ಎರಡು ಸಲ ತೆರೆಯಿರಿ
ವಿದೇಶಿ ಬೆಟ್ಟಿಂಗ್ ಸೈಟಿನ ಡೆಪಾಸಿಟ್ ಪುಟವನ್ನು ಅರ್ಧ ಗಂಟೆ ಬಿಟ್ಟು ಎರಡು ಸಲ ತೆರೆಯಿರಿ. ಕ್ಯೂಆರ್ ಸ್ಕ್ಯಾನ್ ಮಾಡಿ ಹೆಸರು ನೋಡಿ, ಪಿನ್ ಒತ್ತಬೇಡಿ. ಒಮ್ಮೆ ಯಾವುದೋ ಟ್ರೇಡರ್ಸ್, ಇನ್ನೊಮ್ಮೆ ಯಾರದೋ ಸ್ವಂತ ಹೆಸರು ಬಂದರೆ ಅದು ಹೆಚ್ಚಾಗಿ ಬಾಡಿಗೆ ಖಾತೆ, ಅಂದರೆ ಬೇರೆ ಯಾರಿಂದಲೋ ದುಡ್ಡು ಕೊಟ್ಟು ಪಡೆದ ಬ್ಯಾಂಕ್ ಖಾತೆ ಮಾರಾಯ್ರೆ. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು ಹೋದರೆ ಇಂಥ ಖಾತೆ ಫ್ರೀಜ್ ಆಗಬಹುದು, ಅದಕ್ಕೇ ಬದಲಿಸುತ್ತಲೇ ಇರುತ್ತಾರೆ. ಹಾಕಿದ 500 ರೂಪಾಯಿಗಿಂತ ಗೆದ್ದು ಬಂದ ದುಡ್ಡೇ ಡೇಂಜರ್: ಅದೂ ಇಂಥ ಖಾತೆಯಿಂದಲೇ ಬಂದಿದ್ದರೆ, ಅದರ ಜಾಡಿನಲ್ಲಿ ನಿಮ್ಮ ಖಾತೆಯೂ ಫ್ರೀಜ್ ಆದರೆ ಉಡುಪಿಯಲ್ಲಿ ಕೂತು ಬೇರೆ ರಾಜ್ಯದ ಠಾಣೆಗೆ ಪತ್ರ ಬರೆಯುವ ಕೆಲಸ ಉಂಟು. ಕ್ರಿಪ್ಟೋ ಸೈಟಿಗೆ ಈ ಉಪಾಯ ಆಗುವುದಿಲ್ಲ, ಅಲ್ಲಿ ಹೆಸರೇ ಕಾಣುವುದಿಲ್ಲ. ಎರಡು ಸಲವೂ ಒಂದೇ ಹೆಸರು ಬಂತು ಅಂತ ಸಕ್ರಮವೂ ಅಲ್ಲ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡಿನ ಆಟವನ್ನೇ ನಿಷೇಧಿಸಿದೆ, ಇಂಥ ಸೈಟುಗಳು ತೋರಿಸುವ ಕುರಸಾವೊ (ಕೆರಿಬಿಯನ್ ದ್ವೀಪ) ಲೈಸೆನ್ಸ್ ಇಲ್ಲಿ ನಡೆಯುವುದಿಲ್ಲ.