ಬಿಸಿಲಿಗೊಂದು ಕಿರ್ದಿ

2022ರ ಜನವರಿಯಲ್ಲಿ ನಮ್ಮ ಮನೆಯ ತಾರಸಿಗೆ 540 ವಾಟ್‌ನ ಆರು ಸೌರ ಪ್ಯಾನೆಲ್ ಏರಿದವು. ಅಂದಿನಿಂದ ಇಂದಿನವರೆಗೆ ಅವು ಪ್ರತಿ ನಿಮಿಷ ಎಷ್ಟು ವಿದ್ಯುತ್ ಕೊಟ್ಟಿವೆ, ಮನೆ ಎಷ್ಟು ತಿಂದಿದೆ, ಬ್ಯಾಟರಿಗೆ ಎಷ್ಟು ಹೋಗಿದೆ ಎಂಬುದನ್ನೆಲ್ಲ ನಾನು ಕಿರ್ದಿಯಲ್ಲಿ, ಅಂದರೆ ದಿನದಿನದ ಲೆಕ್ಕದ ಪುಸ್ತಕದಲ್ಲಿ, ಬರೆದಿಟ್ಟಿದ್ದೇನೆ. ಬರೆಯುವುದು ನಾನಲ್ಲ, ನಾನು ಬರೆದ ಒಂದು ಪುಟ್ಟ ಪ್ರೋಗ್ರಾಂ. ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನೂರು ಸಾಲು ಕೂಡ ಇಲ್ಲ.

ಹೀಗೆ ಬರೆದಿಡುವ ಅಭ್ಯಾಸ ಹಳೆಯದು. 1987ರಲ್ಲಿ ನಾನು ಕೆಲಸ ಶುರು ಮಾಡಿದ್ದೇ ಸಹಕಾರಿ ಸಂಘವೊಂದರ ಲೆಡ್ಜರುಗಳನ್ನು ಕಂಪ್ಯೂಟರಿಗೆ ಏರಿಸುವುದರಿಂದ. ನಮ್ಮ ಕರಾವಳಿಯಲ್ಲಿ ಲೆಕ್ಕಕ್ಕೆ ಇರುವ ಗೌರವ ದೊಡ್ಡದು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, ಆಮೇಲೆ 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಇಷ್ಟು ಸಣ್ಣ ಜಾಗದಲ್ಲಿ ಐದು ಬ್ಯಾಂಕು ಹುಟ್ಟಿದ ಊರಿನವರು ನಾವು. ಸಂಘದ ಹಿರಿಯ ಗುಮಾಸ್ತರು ಮೊದಲ ದಿನವೇ ನನಗೆ ಹೇಳಿದ್ದರು: "ಕಿರ್ದಿ ತಾಳೆಯಾಗದೆ ಇಲ್ಲಿ ಯಾರೂ ಮನೆಗೆ ಹೋಗುವುದಿಲ್ಲ. ನಿಮ್ಮ ಯಂತ್ರಕ್ಕೂ ಅದೇ ನಿಯಮ."

ಆ ಯಂತ್ರದಲ್ಲಿದ್ದದ್ದು 640 ಕೆಬಿ ಮೆಮೊರಿ, 20 ಎಂಬಿ ಹಾರ್ಡ್ ಡಿಸ್ಕ್. ಬ್ಯಾಕಪ್‌ಗೆ 360 ಕೆಬಿಯ ಐದೂಕಾಲು ಇಂಚಿನ ಫ್ಲಾಪಿ. ಪ್ರತಿ ಖಾತೆದಾರನಿಗೆ ಎಷ್ಟು ಬೈಟ್ ಎಂದು ಕಾಗದದಲ್ಲಿ ಲೆಕ್ಕ ಹಾಕಿಯೇ ಪ್ರೋಗ್ರಾಂ ಬರೆಯಬೇಕಿತ್ತು. ಹೆಸರಿಗೆ 30 ಅಕ್ಷರವೋ 24 ಅಕ್ಷರವೋ ಎಂಬುದಕ್ಕೆ ನಾವು ಅರ್ಧ ದಿನ ಚರ್ಚಿಸಿದ್ದೇವೆ. ಅದು ಬಡತನ ಎಂದು ನನಗೆ ಆಗಲೂ ಅನ್ನಿಸಿರಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಇರುವುದಿಷ್ಟು, ಅದರೊಳಗೆ ಸಂಸಾರ ಮಾಡಬೇಕು ಎಂದು ಗೊತ್ತಿದ್ದವನ ಕೈ ಬಿಗಿಯಾಗಿರುತ್ತದೆ. ಸೌರ ವಿದ್ಯುತ್ತಿಗೆ ಬೇಕಾದದ್ದು ಅದೇ ಕೈ.

ನಾನು ಸೌರ ದೀಪವನ್ನು ಮೊದಲು ಹತ್ತಿರದಿಂದ ಕಂಡದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಘಟ್ಟದ ಬುಡದ ಒಂದು ಮನೆಯಲ್ಲಿ. ಉಡುಪಿ ಜಿಲ್ಲೆಯವರೇ ಆದ ಹರೀಶ್ ಹಂದೆಯವರು 1995ರಲ್ಲಿ ಸೆಲ್ಕೋ ಸಂಸ್ಥೆಯನ್ನು ಕಟ್ಟಿ, ತಂತಿ ಮುಟ್ಟದ ಮನೆಗಳಿಗೆ ಬ್ಯಾಂಕ್ ಸಾಲದ ಮೂಲಕ ದೀಪ ತಲುಪಿಸಲು ಓಡಾಡುತ್ತಿದ್ದ ಕಾಲ ಅದು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನನಗೆ ನೆನಪಾದದ್ದು ಆ ಮನೆಯೇ. ಅಲ್ಲಿದ್ದದ್ದು ಒಂದು ಪುಟ್ಟ ಪ್ಯಾನೆಲ್, ನಾಲ್ಕು ದೀಪ. ಮನೆಯಾಕೆಗೆ ಯಾವ ದೀಪ ಎಷ್ಟು ಹೊತ್ತು ಉರಿಯಬಹುದು ಎಂಬುದು ಬಾಯಿಪಾಠವಾಗಿತ್ತು. ಅಡುಗೆಮನೆಯದು ಆರಿಸಿದ ಮೇಲೆಯೇ ಜಗಲಿಯದು. ನನ್ನ 640 ಕೆಬಿಯನ್ನು ನಾನು ಹೀಗೆಯೇ ಹಂಚುತ್ತಿದ್ದೆ.

ನಮ್ಮ ಮನೆ ಇರುವುದು ಉಡುಪಿಯ ಕಿದಿಯೂರಿನ ಕಡೆ. ಹಳೆಯ ಭಾಗಕ್ಕೆ ಮಂಗಳೂರು ಹಂಚು, ಹಿಂದಿನ ಭಾಗಕ್ಕೆ ಕಾಂಕ್ರೀಟ್ ತಾರಸಿ. ಹಂಚಿನ ಮಾಡಿನ ಮೇಲೆ ಹಾಕಬಹುದೇ ಎಂದು ತುಂಬ ಯೋಚಿಸಿದೆ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಶುರು ಮಾಡಿದ ಈ ಹಂಚು ಮಳೆಗೆ ಎಂಥ ಗಟ್ಟಿಗನೋ, ಮನುಷ್ಯ ಕಾಲಿಟ್ಟರೆ ಅಷ್ಟೇ ಬೇಗ ಒಡೆಯುತ್ತದೆ. ಪ್ಯಾನೆಲ್ ತೊಳೆಯಲು ಹತ್ತಿದಾಗಲೆಲ್ಲ ನಾಲ್ಕು ಹಂಚು ಬದಲಿಸಬೇಕಾದೀತು. ಹಾಗಾಗಿ ತಾರಸಿಯನ್ನೇ ಆರಿಸಿದೆ. ಉಡುಪಿಯ ಅಕ್ಷಾಂಶ 13 ಡಿಗ್ರಿ ದಾಟುತ್ತದೆ, ಪ್ಯಾನೆಲನ್ನೂ ಸುಮಾರು ಅಷ್ಟೇ ಓರೆಯಾಗಿ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸಿದೆವು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ಜಾರಿದಾಗ ನೆರೆಯ ತೆಂಗಿನ ಮಡಲಿನ ನೆರಳು ಕೊನೆಯ ಪ್ಯಾನೆಲ್ ಮೇಲೆ ಬೀಳುತ್ತದೆಂದು ಮೊದಲೇ ನೋಡಿಕೊಳ್ಳಲಿಲ್ಲ. ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿಗೆ ಪೆಟ್ಟು. ಆ ವರ್ಷವೇ ಒಂದನ್ನು ಸರಿಸಿದೆವು. ಉಪ್ಪುಗಾಳಿಯ ಮಾತು ಬೇರೆ: ಬೋಲ್ಟ್‌ಗಳು ಸ್ಟೇನ್‌ಲೆಸ್ ಸ್ಟೀಲಿನವೇ ಆಗಬೇಕು ಎಂದು ನಾನು ಹಟ ಹಿಡಿದೆ. ಸಾಮಾನ್ಯ ಬೋಲ್ಟ್ ಹಾಕಿಸಿಕೊಂಡ ಪರಿಚಯದವರ ಮನೆಯಲ್ಲಿ ಎರಡೇ ಮಳೆಗಾಲಕ್ಕೆ ತುಕ್ಕು ಗೋಡೆಗೆ ಇಳಿದಿತ್ತು.

ಇನ್ವರ್ಟರ್ ಆರಿಸುವಾಗ ಒಂದು ವಿಷಯ ಎಲ್ಲರಿಗೂ ತಿಳಿದಿರಬೇಕು. ಬ್ಯಾಟರಿ ಇಲ್ಲದೆ, ಊರಿನ ಲೈನಿಗೆ ಸೇರಿಸುವ ಸಾಮಾನ್ಯ ಆನ್‌ಗ್ರಿಡ್ ಇನ್ವರ್ಟರ್ ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ತಂತಿ ರಿಪೇರಿ ಮಾಡುತ್ತಿರುವ ಲೈನ್‌ಮನ್‌ಗೆ ನಮ್ಮ ಮನೆಯ ವಿದ್ಯುತ್ ಹೊಡೆಯಬಾರದಲ್ಲ, ಅದಕ್ಕಾಗಿ. ಅದು ಸರಿಯಾದ ನಿಯಮ. ಆದರೆ ಮಳೆಗಾಲದಲ್ಲಿ ಮರ ಬಿದ್ದು ಇಡೀ ದಿನ ಕರೆಂಟಿಲ್ಲದ ಊರಿನಲ್ಲಿ ಹಗಲು ಬೆಳಕಿದ್ದರೂ ಕತ್ತಲಲ್ಲಿ ಕೂರಲು ನಾನು ಸಿದ್ಧನಿರಲಿಲ್ಲ. ಲೈನಿಗೂ ಬ್ಯಾಟರಿಗೂ ಹೊಂದುವ ಹೈಬ್ರಿಡ್ ಇನ್ವರ್ಟರ್ ಕೊಂಡೆ, ಜೊತೆಗೆ 5 ಯೂನಿಟ್ ಹಿಡಿಯುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಬೆಲೆ ಹೆಚ್ಚಾಯಿತು, ನಿಜ. ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಿದರೆ ಅದರ ಆಯಸ್ಸು ಕುಗ್ಗುತ್ತದೆ. ಇದು ಮುಕ್ಕಾಲಿಗಿಂತ ಹೆಚ್ಚು ಖಾಲಿಯಾದರೂ ದೂರುವುದಿಲ್ಲ.

ಈಗ ಕಿರ್ದಿಯ ವಿಷಯ.

ಇನ್ವರ್ಟರಿನ ಜೊತೆ ಒಂದು ಮೊಬೈಲ್ ಆ್ಯಪ್ ಬರುತ್ತದೆ. ನಮ್ಮ ತಾರಸಿಯ ಲೆಕ್ಕ ದೂರದ ಯಾವುದೋ ಸರ್ವರಿಗೆ ಹೋಗಿ, ಅಲ್ಲಿಂದ ಜಗಲಿಯಲ್ಲಿ ಕೂತ ನನ್ನ ಕೈಗೆ ಬರುತ್ತದೆ. ಇಂಟರ್ನೆಟ್ ಹೋದರೆ ಲೆಕ್ಕವೂ ಹೋಯಿತು. ಇದು ನನಗೆ ಒಪ್ಪಿಗೆಯಾಗಲಿಲ್ಲ. ಹತ್ತು ಮೆಟ್ಟಿಲು ಮೇಲಿರುವ ಯಂತ್ರದೊಂದಿಗೆ ಮಾತಾಡಲು ಸಮುದ್ರ ದಾಟಬೇಕಾಗಿಲ್ಲ. ಇನ್ವರ್ಟರಿನ ಅಡಿಭಾಗದಲ್ಲಿ ರಬ್ಬರ್ ಮುಚ್ಚಳದ ಹಿಂದೆ, ತಂತಿಯಲ್ಲಿ ಅಂಕೆ ಕಳಿಸುವ ಆರ್‌ಎಸ್-485 ಕಿಂಡಿ ಇತ್ತು. ಕೈಪಿಡಿಯ ಕೊನೆಯಲ್ಲಿ 'ಮೋಡ್‌ಬಸ್' ಎಂಬ ಪದ ಕಂಡು ನನ್ನ ಎದೆ ತುಂಬಿತು. ಮೋಡ್‌ಬಸ್ 1979ರದು, ಕಾರ್ಖಾನೆಯ ನಿಯಂತ್ರಕಗಳು ಪರಸ್ಪರ ಮಾತಾಡಲೆಂದು ಮೋಡಿಕಾನ್ ಕಂಪನಿ ರೂಪಿಸಿದ ನಿಯಮ. ಎಂಟೇ ಬೈಟ್‌ನ ಪ್ರಶ್ನೆ: ಯಾರಿಗೆ, ಏನು ಬೇಕು, ಎಲ್ಲಿಂದ, ಎಷ್ಟು, ಕೊನೆಗೆ ಎರಡು ಬೈಟ್‌ನ ತಾಳೆ ಅಂಕೆ. ಉತ್ತರದ ತಾಳೆ ಅಂಕೆ ಹೊಂದದಿದ್ದರೆ ಅದನ್ನು ಎಸೆದು ಮತ್ತೆ ಕೇಳಬೇಕು. ಗುಮಾಸ್ತರ ನಿಯಮವೇ. ನಲವತ್ತು ವರ್ಷ ದಾಟಿದ ಮೇಲೂ ಇದನ್ನು ಹೊಸ ಇನ್ವರ್ಟರಿನಲ್ಲಿ ಇಟ್ಟಿದ್ದಾರೆ ಎಂದರೆ ಕಾರಣ ಒಂದೇ. ಒಬ್ಬ ಮನುಷ್ಯ ಒಂದು ಸಂಜೆ ಕೂತು ಪೂರ್ತಿ ಅರ್ಥಮಾಡಿಕೊಳ್ಳಬಹುದಾದಷ್ಟು ಅದು ಸರಳ. ಹೊಸ ತಂತ್ರಜ್ಞಾನವನ್ನು ನಾನು ಅಳೆಯುವುದೂ ಇದೇ ಕೋಲಿನಿಂದ.

ಅಟ್ಟದಲ್ಲಿ ಪೆಂಟಿಯಂ 4 ಡೆಸ್ಕ್‌ಟಾಪ್ ಒಂದಿತ್ತು, ಸೀರಿಯಲ್ ಪೋರ್ಟ್ ಇದ್ದದ್ದು. ಅದಕ್ಕೆ ಲಿನಕ್ಸ್ ಹಾಕಿದೆ, ಆ ಕಿಂಡಿಯನ್ನು ಸೀರಿಯಲ್ ಪೋರ್ಟ್ಗೆ ಹೊಂದಿಸುವ ಪರಿವರ್ತಕವೊಂದನ್ನು ಸಿಕ್ಕಿಸಿದೆ, 9600 ಬಾಡ್, ಅಂದರೆ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಮಾತು ಶುರುವಾಯಿತು. ನಿಮಿಷಕ್ಕೊಂದು ಸಾಲು, ಸಾಲಿಗೆ 40 ಬೈಟ್, ದಿನಕ್ಕೆ 57,600 ಬೈಟ್. ಆರು ದಿನದ ಬಿಸಿಲು ಹಳೆಯ ಒಂದು ಫ್ಲಾಪಿಯಲ್ಲಿ ಕೂರುತ್ತದೆ. ಇಡೀ ವರ್ಷದ್ದು 21 ಎಂಬಿ, ನನ್ನ ಮೊದಲ ಹಾರ್ಡ್ ಡಿಸ್ಕಿಗಿಂತ ಸ್ವಲ್ಪ ಹೆಚ್ಚು. ಸಾದಾ ಅಕ್ಷರದ ಕಡತ, ಯಾವ ಡೇಟಾಬೇಸೂ ಇಲ್ಲ. ಇನ್ನು ಮೂವತ್ತು ವರ್ಷದ ಮೇಲೆ ಯಾರೇ ತೆರೆದರೂ ಓದಬಹುದು.

ಆ ವರ್ಷದ ಆಟಿ ತಿಂಗಳು, ತುಳುನಾಡಿನ ಜುಲೈ-ಆಗಸ್ಟಿನ ಮಳೆಯ ತಿಂಗಳು, ನನಗೆ ಪಾಠ ಕಲಿಸಿತು. ಮಳೆ ಬಿಡದೆ ಹೊಯ್ಯುತ್ತಿತ್ತು. ಒಂದು ರಾತ್ರಿ ದಿನದ ಮೊತ್ತ ನೋಡಿದರೆ ತಾರಸಿ ಕೊಟ್ಟದ್ದು 2.6 ಯೂನಿಟ್. ಮನೆಯ ಬಳಕೆಯಲ್ಲಿ ಹಗಲು ರಾತ್ರಿ ಇಳಿಯದೆ ನಿಂತ ಒಂದು ಗೆರೆ ಇತ್ತು, ಸುಮಾರು 90 ವಾಟ್. ಫ್ರಿಜ್ ಇರಬೇಕೆಂದು ಹುಡುಕಿದೆ. ಫ್ರಿಜ್ ಹತ್ತಿ ಇಳಿಯುತ್ತದೆ, ಇದು ಇಳಿಯುತ್ತಲೇ ಇರಲಿಲ್ಲ. ಅದು ಲೆಕ್ಕ ಬರೆಯುತ್ತಿದ್ದ ಕಂಪ್ಯೂಟರೇ! ದಿನಕ್ಕೆ ಸುಮಾರು 2.2 ಯೂನಿಟ್. ಬಿಸಿಲು ದುಡಿದದ್ದರ ಬಹುಪಾಲನ್ನು ಅದರ ಕಿರ್ದಿ ಬರೆಯುವ ಗುಮಾಸ್ತನೇ ಉಂಡು ಮುಗಿಸುತ್ತಿದ್ದ. ಹೆಂಡತಿ ಕೇಳಿದಳು: "ನೀವು ನನಗೆ ಬಚ್ಚಲಿನ ಗೀಸರ್ ಆರಿಸು ಎನ್ನುತ್ತೀರಿ. ಅಟ್ಟದಲ್ಲಿ ಉರಿಯುತ್ತಿರುವುದು ಯಾರದು?" ಅವಳ ಮಾತು ನ್ಯಾಯವಾಗಿತ್ತು.

ಮರುವಾರ ಅಂಗೈಯಗಲದ ಒಂದು ಬೋರ್ಡ್ ಕಂಪ್ಯೂಟರ್ ತಂದೆ. 4 ವಾಟ್, ದಿನಕ್ಕೆ 0.1 ಯೂನಿಟ್. ಅದೇ ಸಿ ಪ್ರೋಗ್ರಾಮನ್ನು ಒಂದು ಸಾಲೂ ಬದಲಿಸದೆ ಅದರ ಮೇಲೆ ಕಂಪೈಲ್ ಮಾಡಿದೆ, ಓಡಿತು. ಹಳೆಯ ತಂತ್ರಜ್ಞಾನದ ಬಗ್ಗೆ ನನ್ನ ಅಭಿಪ್ರಾಯ ಅಂದಿನಿಂದ ಸ್ಪಷ್ಟವಾಗಿದೆ. ಹಳೆಯ ಭಾಷೆ, ಹಳೆಯ ಒಪ್ಪಂದದ ನಿಯಮ, ಹಳೆಯ ಕಡತದ ರೂಪ ಇವನ್ನು ಉಳಿಸಿಕೊಳ್ಳಬೇಕು. ಹಳೆಯ ಕಬ್ಬಿಣವನ್ನು ಪ್ರೀತಿಯ ಕಾರಣಕ್ಕೆ ದಿನವಿಡೀ ಉರಿಸಬಾರದು. ಇಂದು ನಡೆಯುತ್ತಿರುವುದು ತಿರುಗುಮುರುಗು: ಚಿಪ್‌ಗಳು ಪ್ರತಿ ವರ್ಷ ಮಿತವ್ಯಯಿಗಳಾಗುತ್ತಿವೆ, ಅವುಗಳ ಮೇಲೆ ಕೂರುವ ಸಾಫ್ಟ್‌ವೇರ್ ಪ್ರತಿ ವರ್ಷ ದಪ್ಪವಾಗುತ್ತಿದೆ. ಒಂದು ಬಿಲ್ ತೋರಿಸಲು ನೂರಾರು ಎಂಬಿ ಮೆಮೊರಿ ಬೇಡುವ ಆ್ಯಪ್ ಬರೆದವರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ಆ ಭಾರವನ್ನು ಹೊರುವುದು ಯಾವುದೋ ಊರಿನ ಕಲ್ಲಿದ್ದಲು.

ನಮ್ಮ ಊರಿನದೇ ಅಂದರೂ ಸರಿ. ಎಲ್ಲೂರಿನಲ್ಲಿ ಆಮದು ಕಲ್ಲಿದ್ದಲು ಉರಿಸುವ 1200 ಮೆಗಾವಾಟ್‌ನ ಸ್ಥಾವರವಿದೆ, ಹೊಸಂಗಡಿಯ ನೆಲದಡಿಯಲ್ಲಿ ವಾರಾಹಿಯ 460 ಮೆಗಾವಾಟ್ ಜಲವಿದ್ಯುತ್ ಕೇಂದ್ರವಿದೆ. ಎರಡೂ ಒಂದೇ ಜಿಲ್ಲೆಯಲ್ಲಿ. ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸರಾಸರಿ 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ನನ್ನ ತಾರಸಿ ಮೊದಲ ವರ್ಷ ಕೊಟ್ಟದ್ದು 3,860 ಯೂನಿಟ್, ಅಂದರೆ ಎರಡೂವರೆ ಟನ್ನಿಗೂ ಹೆಚ್ಚು ಅನಿಲ ತಪ್ಪಿತು. ಮಳೆಗಾಲದಲ್ಲಿ ಸೌರ ವಿದ್ಯುತ್ ಸೋಲುತ್ತದೆ ಎನ್ನುವವರಿಗೆ ನಾನು ತೋರಿಸುವುದು ವಾರಾಹಿಯನ್ನು. ನನ್ನ ಕಿರ್ದಿ ಬತ್ತುವ ದಿನಗಳಲ್ಲೇ ಅದಕ್ಕೆ ನೀರು ಕೊಡುವ ಮಾಣಿ ಅಣೆಕಟ್ಟು ತುಂಬುತ್ತದೆ. ಬೇಸಿಗೆಯ ಹಗಲಿನಲ್ಲಿ ಬಿಸಿಲನ್ನು ಬಳಸಿ, ಆ ನೀರನ್ನು ಸಂಜೆ ದೀಪ ಹಚ್ಚುವ ಹೊತ್ತಿಗೆ ಬಿಡಬಹುದು. ನಮ್ಮ ಕರಾವಳಿಗೆ ಆಕಾಶ ಒಂದಲ್ಲ ಒಂದು ರೂಪದಲ್ಲಿ ಕೊಡುತ್ತಲೇ ಇರುತ್ತದೆ.

ಕಿರ್ದಿಯಿಂದ ತಿಳಿದ ಇನ್ನೊಂದು ಸಂಗತಿ: ಅತಿ ಹೆಚ್ಚು ವಿದ್ಯುತ್ ಬರುವುದು ಮೇ ತಿಂಗಳಿನಲ್ಲಲ್ಲ, ಫೆಬ್ರವರಿಯಲ್ಲಿ. ಪ್ಯಾನೆಲಿನ ಮೇಲೆ ಬರೆದ 540 ವಾಟ್ ಎಂಬುದು 25 ಡಿಗ್ರಿಯ ಲೆಕ್ಕ. ಅದಕ್ಕಿಂತ ಪ್ರತಿ ಡಿಗ್ರಿ ಏರಿದಂತೆ ಸುಮಾರು ಶೇಕಡಾ 0.35ರಷ್ಟು ಇಳಿಯುತ್ತದೆ. ಮೇ ಕೊನೆಯ ಪತ್ತನಾಜೆಯ ಸುತ್ತಮುತ್ತ ತಾರಸಿಯ ಮೇಲೆ ಪ್ಯಾನೆಲ್ 60 ಡಿಗ್ರಿ ಮುಟ್ಟುತ್ತದೆ. ಫೆಬ್ರವರಿಯಲ್ಲಿ 15 ಯೂನಿಟ್ ದಾಟಿದ ದಿನಗಳಿವೆ, ಮೇ ತಿಂಗಳಲ್ಲಿ 13 ಬಂದರೆ ಹೆಚ್ಚು.

ಒಮ್ಮೆ ಅಕ್ಟೋಬರಿನ ಸಿಡಿಲಿಗೆ ತಂತಿಯ ಮೂಲಕ ಪರಿವರ್ತಕ ಸುಟ್ಟಿತು. ಈಗ ನಡುವೆ ಬೆಳಕಿನಿಂದ ಸಂಕೇತ ದಾಟಿಸುವ ಆಪ್ಟೋಕಪ್ಲರ್ ಇದೆ, ತಾರಸಿಗೆ ಬೇರೆಯದೇ ಅರ್ಥಿಂಗ್ ಇದೆ. ಇವೆರಡಕ್ಕೆ ಹಣ ಉಳಿಸಬೇಡಿ.

2023ರ ಸೆಪ್ಟೆಂಬರಿನಲ್ಲಿ ತಿಂಗಳ ತಾಳೆ ನೋಡುತ್ತಿದ್ದೆ. ಒಟ್ಟು ಉತ್ಪಾದನೆಯ ಅಂಕಣ 6,553 ತಲುಪಿ ಮರುದಿನ ಸೊನ್ನೆಯ ಹತ್ತಿರ ಬಂದು ನಿಂತಿತ್ತು. ಇನ್ವರ್ಟರಿನ ಪರದೆಯಲ್ಲಿ ಮೊತ್ತ ಸರಿಯಾಗಿಯೇ ಇತ್ತು. ಆ ಅಂಕೆಯನ್ನು ಹತ್ತರಿಂದ ಗುಣಿಸಿದ ಕೂಡಲೇ ಗೊತ್ತಾಯಿತು. 16 ಬಿಟ್‌ಗಳಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 65,535. ಇನ್ವರ್ಟರ್ ಮೊತ್ತವನ್ನು ಯೂನಿಟ್‌ನ ಹತ್ತನೆಯ ಒಂದು ಭಾಗದಲ್ಲಿ, ತಲಾ 16 ಬಿಟ್ ಹಿಡಿಯುವ ಎರಡು ಖಾನೆಗಳಲ್ಲಿ, ಅಂದರೆ ರಿಜಿಸ್ಟರುಗಳಲ್ಲಿ, ಇಡುತ್ತದೆ. ನಾನು ಒಂದನ್ನು ಮಾತ್ರ ಓದುತ್ತಿದ್ದೆ. ಸಂಘದ ಕೆಲಸದಲ್ಲೂ ಹೀಗೇ ಆಗಿತ್ತು: ಟರ್ಬೊ ಪ್ಯಾಸ್ಕಲ್‌ನಲ್ಲಿ ವೋಚರ್ ಸಂಖ್ಯೆ, ಋಣ ಸಂಖ್ಯೆಗೂ ಜಾಗವಿಟ್ಟ 16 ಬಿಟ್ಗಳ ಮಿತಿಯಾದ 32,767 ಮುಟ್ಟಿ ಮುಂದಿನದು ಋಣ ಸಂಖ್ಯೆಯಾಗಿ ಅಚ್ಚಾದ ದಿನ ರಾತ್ರಿ ಹನ್ನೊಂದರವರೆಗೆ ಯಾರೂ ಮನೆಗೆ ಹೋಗಿರಲಿಲ್ಲ. ಮೊತ್ತ ಎಲ್ಲಿಯವರೆಗೆ ಬೆಳೆಯಬಹುದು ಎಂದು ಮೊದಲ ದಿನವೇ ಕೇಳಿಕೊಳ್ಳಬೇಕೆಂದು ಆಗ ಕಲಿತದ್ದನ್ನು ನಾನು ಮರೆತಿದ್ದೆ. ಎರಡನೆಯ ರಿಜಿಸ್ಟರ್ ಸೇರಿಸಿ, ತಪ್ಪಿದ ದಿನಗಳನ್ನು ತಿದ್ದಿದೆ.

2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಬಂದ ಮೇಲೆ ನಮ್ಮ ಕೇರಿಯಲ್ಲಿ ಪ್ಯಾನೆಲ್ ಹೆಚ್ಚಾಗಿವೆ. 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನ ಸಣ್ಣ ಮಾತಲ್ಲ. ಎರಡು ಮನೆ ಆಚೆಯವರು ಕಳೆದ ಭಾನುವಾರ ಕೈಪಿಡಿ ಹಿಡಿದು ಬಂದು, "ನಿಮ್ಮ ಕಿರ್ದಿ ನಮಗೂ ಬೇಕು" ಎಂದರು. ಅವರ ಇನ್ವರ್ಟರ್ ಬೇರೆ ಕಂಪನಿಯದು, ರಿಜಿಸ್ಟರುಗಳ ಕ್ರಮವೂ ಬೇರೆ. ಜಗಲಿಯಲ್ಲಿ ಕೂತು ಇಬ್ಬರೂ ಪಟ್ಟಿಯ ಮೇಲೆ ಬೆರಳಿಟ್ಟು ಓದಿದೆವು. ಒಟ್ಟು ಉತ್ಪಾದನೆಯ ಸಾಲು ಬಂದಾಗ ಅದರ ಮುಂದೆ ಪೆನ್ಸಿಲಿನಿಂದ ದೊಡ್ಡದಾಗಿ ಬರೆದೆ: ಎರಡು ರಿಜಿಸ್ಟರ್, ಮೇಲಿನದು ಮೊದಲು.