ಮೊದಲು ಕೆಳಗಿನ ಕಪಾಟು ಖಾಲಿ ಮಾಡಿ
ಮಾಂಟೆಸೊರಿ ಪದ್ಧತಿಯನ್ನು ಮನೆಯಲ್ಲಿ ಅಳವಡಿಸಿಕೊಳ್ಳುವುದು ಹೇಗೆ?

ಮೂರು ವರ್ಷದ ಮಗುವಿಗೆ ಬಾಯಾರಿಕೆಯಾಗಿದೆ. ನೀರಿನ ಫಿಲ್ಟರ್ ಅಡುಗೆಕಟ್ಟೆಯ ಮೇಲಿದೆ, ಲೋಟಗಳು ಅದಕ್ಕಿಂತಲೂ ಮೇಲಿನ ಸ್ಟ್ಯಾಂಡಿನಲ್ಲಿವೆ. ಮಗು ಅಮ್ಮನ ಸೆರಗು ಜಗ್ಗಬೇಕು, ಇಲ್ಲವೇ ಅಳಬೇಕು. ಅಂಗಿ ಬೇಕೆಂದರೆ ಬೀರು ತೆರೆಯಲು ಯಾರಾದರೂ ಬರಬೇಕು, ಕೈ ತೊಳೆಯಬೇಕೆಂದರೆ ಯಾರಾದರೂ ಎತ್ತಿ ಹಿಡಿಯಬೇಕು. ಇಡೀ ಮನೆ ಐದೂವರೆ ಅಡಿ ಎತ್ತರದವರಿಗಾಗಿ ಕಟ್ಟಿದ್ದು. ಮನೆಯಲ್ಲಿ ಮಾಂಟೆಸೊರಿ, ಅಂದರೆ ಮಗು ತನ್ನ ಕೈಯಾರೆ ಕೆಲಸ ಮಾಡುತ್ತ ತಾನೇ ಕಲಿಯುವ ಪದ್ಧತಿ, ಶುರು ಮಾಡುವುದು ಹೇಗೆ ಎಂದು ಕೇಳುವ ತಂದೆ ತಾಯಂದಿರಿಗೆ ನಾನು ಮೊದಲು ಹೇಳುವುದು ಇದು: ಏನನ್ನೂ ಕೊಳ್ಳಬೇಡಿ. ಮಂಡಿಯೂರಿ ಕುಳಿತು, ಮಗುವಿನ ಎತ್ತರದಿಂದ ನಿಮ್ಮ ಮನೆಯನ್ನು ಒಮ್ಮೆ ನೋಡಿ.

ಇಟಲಿಯ ವೈದ್ಯೆ ಮಾರಿಯಾ ಮಾಂಟೆಸೊರಿ 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ತೆರೆದದ್ದಕ್ಕೆ ಶಾಲೆ ಎಂಬ ಹೆಸರಿರಲಿಲ್ಲ, 'ಮಕ್ಕಳ ಮನೆ' ಎಂದಿತ್ತು. ತಂದೆ ತಾಯಿ ದುಡಿಯಲು ಹೋದಾಗ ಉಳಿದುಬಿಡುವ ಚಿಕ್ಕ ಮಕ್ಕಳಿಗಾಗಿ ಆದ ಏರ್ಪಾಡು ಅದು. ಮಕ್ಕಳೇ ಎತ್ತಿಡಬಹುದಾದ ಪುಟ್ಟ ಮೇಜು ಕುರ್ಚಿ, ಅವರ ಕೈಗೆಟಕುವ ಕಪಾಟು, ಕೈ ತೊಳೆಯಲು ತಗ್ಗಿನ ಜಾಗ ಅಲ್ಲಿ ಬಂದವು. ಆಕೆ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದರು. ಯುದ್ಧ ಶುರುವಾಗಿ 1946ರವರೆಗೆ ಇಲ್ಲೇ ಉಳಿಯಬೇಕಾಯಿತು. ಅಡ್ಯಾರಿನಲ್ಲಿ, ಕೊಡೈಕೆನಾಲಿನಲ್ಲಿ ಅವರು ನಮ್ಮ ಶಿಕ್ಷಕರಿಗೆ ತರಬೇತಿ ಕೊಟ್ಟರು. ಆದ್ದರಿಂದ ಈ ಪದ್ಧತಿ ನಮಗೆ ಹೊಸದಲ್ಲ. ಹೊಸದೆಂದರೆ ಆ ಹೆಸರನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿ ಸಾವಿರಾರು ರೂಪಾಯಿಗೆ ಮಾರುವ ಆಟಿಕೆಗಳು. ಅವು ಇಲ್ಲದೆಯೇ ಕೆಲಸ ನಡೆಯುತ್ತದೆ.

ಕೈಗೆಟಕುವಂತೆ ಇಳಿಸಿ

ಅಡುಗೆಮನೆಯ ಕೆಳಗಿನ ಒಂದು ಕಪಾಟನ್ನು ಖಾಲಿ ಮಾಡಿ. ಅಲ್ಲಿ ಮಗುವಿನದೇ ಆದ ಒಂದು ತಟ್ಟೆ, ಒಂದು ಬಟ್ಟಲು, ಎರಡು ಚಿಕ್ಕ ಲೋಟ, ನೀರು ತುಂಬಿದ ಅರ್ಧ ಲೀಟರಿನ ಚೊಂಬು, ಮಡಿಸಿದ ಒರೆಸುವ ಬಟ್ಟೆ ಇರಲಿ. ಗೋಡೆಗೆ ಮಗುವಿನ ಎದೆಯ ಎತ್ತರದಲ್ಲಿ ಒಂದು ಗೂಟ ಹೊಡೆಯಿರಿ, ಶಾಲೆಯ ಚೀಲ ಮತ್ತು ಸ್ವೆಟರ್ ತೂಗುಹಾಕಲು. ಬಚ್ಚಲಿನ ತೊಟ್ಟಿಯ ಬಳಿ ಅಲುಗಾಡದ ಮಣೆಯೊಂದು ಸಾಕು. ಬಟ್ಟೆಯಲ್ಲಿ ಎಲ್ಲವನ್ನೂ ಆರಿಸಲು ಬಿಡಬೇಡಿ. ಎರಡು ಜೊತೆ ತೆಗೆದಿಟ್ಟು 'ಯಾವುದು ಬೇಕು?' ಎಂದು ಕೇಳಿ. ಎರಡರಲ್ಲಿ ಒಂದನ್ನು ಆರಿಸುವುದೇ ಆ ವಯಸ್ಸಿಗೆ ದೊಡ್ಡ ತೀರ್ಮಾನ.

ಆಟಿಕೆಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಕಟುವಾಗಿದೆ. ಬುಟ್ಟಿಯಲ್ಲಿ ಗುಡ್ಡೆ ಹಾಕಿದ ನಲವತ್ತು ಆಟಿಕೆಗಳ ನಡುವೆ ಮಗು ಯಾವುದನ್ನೂ ಆಡುವುದಿಲ್ಲ, ಎಲ್ಲವನ್ನೂ ಸುರಿಯುತ್ತದೆ. ಆರೇಳನ್ನು ಮಾತ್ರ ತೆರೆದ ಕಪಾಟಿನಲ್ಲಿ, ಒಂದೊಂದಕ್ಕೂ ಒಂದು ತಟ್ಟೆ ಮತ್ತು ಒಂದು ಜಾಗ ಗೊತ್ತುಮಾಡಿ ಇಡಿ. ಉಳಿದವು ಅಟ್ಟಕ್ಕೆ ಹೋಗಲಿ. ಆಡುವಾಗ ಒಂದು ಚಿಕ್ಕ ಚಾಪೆ ಹಾಸಿಕೊಳ್ಳುವುದನ್ನು ರೂಢಿ ಮಾಡಿಸಿ: ಚಾಪೆಯ ಮೇಲಿರುವುದು ಮಗುವಿನ ಕೆಲಸ, ಯಾರೂ ದಾಟಬಾರದು, ಅಣ್ಣನೂ ಕೂಡ. ಒಂದನ್ನು ಅದರ ಜಾಗಕ್ಕೆ ಇಟ್ಟ ಮೇಲೆ ಇನ್ನೊಂದು.

ಸುರಿಯುವುದು, ಸುಲಿಯುವುದು, ಹಿಸುಕುವುದು

ಅಕ್ಷರ, ಅಂಕಿಗಿಂತ ಮೊದಲು ಕೈ ಪಳಗಬೇಕು. ಮಾಂಟೆಸೊರಿ ಶಾಲೆಗಳಲ್ಲಿ ಮೊದಲು ಬರುವುದು ದಿನಬಳಕೆಯ ಕೆಲಸಗಳೇ. ಇವುಗಳಿಗೆ ನಮ್ಮ ಅಡುಗೆಮನೆಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಸುರಿಯುವುದರಿಂದ ಶುರು ಮಾಡಿ. ಒಂದು ತಟ್ಟೆಯಲ್ಲಿ ಒಂದೇ ಅಳತೆಯ ಎರಡು ಚಿಕ್ಕ ಜಗ್ ಇಡಿ, ಒಂದರಲ್ಲಿ ಅರ್ಧದಷ್ಟು ಕಡಲೆಕಾಳು ಇರಲಿ. ಈಗ ನೀವು ಮಾಡಿ ತೋರಿಸಿ, ಆದರೆ ಮಾತನಾಡದೆ. ಮಾತು ಮತ್ತು ಕೈ ಎರಡೂ ಒಟ್ಟಿಗೆ ನಡೆದರೆ ಮಗುವಿನ ಗಮನ ನಿಮ್ಮ ಮುಖಕ್ಕೆ ಹೋಗುತ್ತದೆ, ಕೈ ತಪ್ಪಿಹೋಗುತ್ತದೆ. ಬಲಗೈಯಲ್ಲಿ ಹಿಡಿಕೆ, ಎಡಗೈ ಮೂತಿಯ ಕೆಳಗೆ, ನಿಧಾನವಾಗಿ ಸುರಿಯಿರಿ. ಕೊನೆಯ ಕಾಳು ಬೀಳುವವರೆಗೆ ಕಾಯಿರಿ. ತಟ್ಟೆಗೆ ಬಿದ್ದ ಒಂದೆರಡನ್ನು ಹೆಕ್ಕಿ ಮತ್ತೆ ಜಗ್‌ಗೆ ಹಾಕಿ. ಜಗ್ ಕೊಟ್ಟು ಕೈ ಹಿಂದಕ್ಕೆ ತೆಗೆದುಕೊಳ್ಳಿ. ಕಾಳು ಸಲೀಸಾದ ಮೇಲೆ ಅಕ್ಕಿ, ಆಮೇಲೆ ನೀರು. ನೀರಿನ ತಟ್ಟೆಯಲ್ಲಿ ಒಂದು ಚಿಕ್ಕ ಸ್ಪಂಜು ಇಡಲು ಮರೆಯಬೇಡಿ. ಚೆಲ್ಲಿದ್ದನ್ನು ಒರೆಸುವುದೂ ಆ ಕೆಲಸದ ಭಾಗ, ಅದು ಶಿಕ್ಷೆಯಲ್ಲ.

ಇಲ್ಲೊಂದು ಎಚ್ಚರಿಕೆ. ಕೈಗೆ ಸಿಕ್ಕಿದ್ದನ್ನು ಬಾಯಿಗೆ, ಮೂಗಿಗೆ ಹಾಕಿಕೊಳ್ಳುವ ವಯಸ್ಸಿನ ಮಗುವಿಗೆ ಕಾಳುಗಳನ್ನು ಕೊಡಲೇಬಾರದು. ಮೂರು ದಾಟಿದ ಮೇಲೂ ಪಕ್ಕದಲ್ಲಿ ದೊಡ್ಡವರು ಇರಬೇಕು. ನೀರು ತುಂಬಿದ ಬಕೆಟ್ಟಿನ ಬಳಿ ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ.

ಮುಂದಿನ ಕೆಲಸಗಳನ್ನು ಋತುವೇ ತಂದುಕೊಡುತ್ತದೆ. ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ ಬಂದಾಗ ಮಗುವಿನ ಮುಂದೆ ಒಂದು ಹಿಡಿ ಕಾಯಿ ಹಾಕಿ ಸುಲಿಯಲು ಬಿಡಿ. ರಾತ್ರಿ ನೆನೆಸಿಟ್ಟ ಅವರೆಕಾಳನ್ನು ಬೆಳಿಗ್ಗೆ ಹಿಸುಕಲು ಕೊಡಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಕಾಳನ್ನು ಹಿಡಿದು, ಎಷ್ಟು ಬೇಕೋ ಅಷ್ಟೇ ಒತ್ತಿದರೆ ಬೇಳೆ ಸಿಪ್ಪೆಯಿಂದ ಪುಟಕ್ಕನೆ ಜಾರುತ್ತದೆ. ಹೆಚ್ಚು ಒತ್ತಿದರೆ ಜಜ್ಜಿಹೋಗುತ್ತದೆ. ಮುಂದೆ ಪೆನ್ಸಿಲ್ ಹಿಡಿಯಬೇಕಾದ ಬೆರಳುಗಳು ಇವೇ. ಈ ಹಿಡಿತವನ್ನು ಕಲಿಸುವ ಇಷ್ಟು ಚೆಂದದ ಸಾಧನವನ್ನು ನಾನು ಯಾವ ಅಂಗಡಿಯಲ್ಲೂ ಕಂಡಿಲ್ಲ. ಸಂಜೆ ಊಟಕ್ಕೆ ಹಿತಕಿದವರೆ ಸಾರು ಬಡಿಸುವಾಗ 'ಈ ಬೇಳೆ ಹಿಸುಕಿದ್ದು ಪುಟ್ಟಿ' ಎಂದು ಹೇಳಿದರೆ ಆ ಮುಖವನ್ನು ನೋಡಬೇಕು! ಬೆಳ್ಳುಳ್ಳಿ ಸುಲಿಯುವುದು, ಕೊತ್ತಂಬರಿ ಸೊಪ್ಪು ಬಿಡಿಸುವುದು, ಮೊಂಡು ಚಾಕುವಿನಿಂದ ಬಾಳೆಹಣ್ಣು ಹೆಚ್ಚುವುದು, ಒಗೆದ ಕರವಸ್ತ್ರ ಮಡಿಸುವುದು ಎಲ್ಲವೂ ಇದೇ ಸಾಲಿಗೆ ಸೇರುತ್ತವೆ. ಗುಂಡಿ ಹಾಕುವುದನ್ನು ಕಲಿಸಲು ಅಪ್ಪನ ಹಳೆಯ ಅಂಗಿಯನ್ನು ದಿಂಬಿಗೆ ತೊಡಿಸಿ ಮುಂದಿಡಿ. ಮೈಮೇಲಿನ ಗುಂಡಿಗಿಂತ ಕಣ್ಣೆದುರಿನ ಗುಂಡಿ ಸುಲಭ.

ತಪ್ಪನ್ನು ವಸ್ತುವೇ ಹೇಳಲಿ

ಮಾಂಟೆಸೊರಿ ಸಾಧನಗಳಲ್ಲಿ 'ಗುಲಾಬಿ ಗೋಪುರ' ಹೆಸರುವಾಸಿ. ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ ಏರುವ ಹತ್ತು ಮರದ ಘನಗಳನ್ನು ಒಂದರ ಮೇಲೊಂದು ಪೇರಿಸಬೇಕು. ಕ್ರಮ ತಪ್ಪಿದರೆ ಕಣ್ಣಿಗೇ ಗೊತ್ತಾಗುತ್ತದೆ, ಟೀಚರ್ ಹೇಳಬೇಕಿಲ್ಲ. ನಮ್ಮ ಮನೆಯಲ್ಲಿ ಇದಕ್ಕೆ ಒಂದರೊಳಗೊಂದು ಕೂರುವ ಸ್ಟೀಲ್ ಡಬ್ಬಿಗಳಿವೆ. ಎಲ್ಲವನ್ನೂ ಹರಡಿ, ಮುಚ್ಚಳಗಳನ್ನು ಬೇರೆ ಮಾಡಿ ಕೊಡಿ. ನಡುವೆ ಒಂದನ್ನು ಬಿಟ್ಟರೆ ಕೊನೆಗೆ ಆ ಡಬ್ಬಿ ಹೊರಗೇ ಉಳಿಯುತ್ತದೆ. ಮಗು ತಲೆ ಕೆರೆದುಕೊಂಡು, ಎಲ್ಲವನ್ನೂ ತೆಗೆದು ಮತ್ತೆ ಶುರು ಮಾಡುತ್ತದೆ. ಆ ಹೊತ್ತಿನಲ್ಲಿ 'ಅದಲ್ಲ, ಇದು' ಎಂದು ಬೆರಳು ತೋರಿಸಿದರೆ ನಾವು ಅವಳ ಕೈಯಿಂದ ಕೆಲಸವನ್ನೇ ಕಿತ್ತುಕೊಂಡ ಹಾಗೆ.

ಅದೇ ರೀತಿ 'ಶಹಬ್ಬಾಸ್' ಕೂಡ. ಸಾನ್ ಲೊರೆಂಜೊದಲ್ಲಿ ಮೂರು ವರ್ಷದ ಹುಡುಗಿಯೊಬ್ಬಳು ಮರದ ಉರುಳೆಗಳನ್ನು ಅವುಗಳ ಕುಳಿಯಲ್ಲಿ ಕೂರಿಸುವ ಕೆಲಸವನ್ನು 40ಕ್ಕೂ ಹೆಚ್ಚು ಬಾರಿ ಮಾಡಿದ್ದನ್ನು ಮಾಂಟೆಸೊರಿ ಎಣಿಸಿದ್ದರು. ಸುತ್ತ ಮಕ್ಕಳು ಹಾಡಿದರೂ, ಕುರ್ಚಿ ಸಮೇತ ಎತ್ತಿ ಮೇಜಿನ ಮೇಲಿಟ್ಟರೂ ಅವಳು ನಿಲ್ಲಿಸಲಿಲ್ಲ. ನಿಮ್ಮ ಮಗು ಹತ್ತನೇ ಸಲ ಅದೇ ಡಬ್ಬಿ ಜೋಡಿಸುತ್ತಿದ್ದರೆ ಬೇಸರಪಡಬೇಡಿ, ಮೆಚ್ಚುಗೆಯಿಂದಲೂ ಅಡ್ಡಬರಬೇಡಿ. ಮುಗಿಸಿ ತಲೆಯೆತ್ತಿ ನಿಮ್ಮನ್ನು ನೋಡಿದಾಗ ನಗು ಸಾಕು.

ಹೆಸರು ಕಲಿಸುವ ಮೂರು ಮೆಟ್ಟಿಲು

ಹೊಸ ಪದ ಕಲಿಸಲು ಈ ಪದ್ಧತಿಯಲ್ಲಿ ಮೂರು ಹಂತದ ಒಂದು ಪಾಠವಿದೆ. ಒಗ್ಗರಣೆ ಡಬ್ಬಿಯನ್ನೇ ತೆಗೆದುಕೊಳ್ಳಿ. ಜೀರಿಗೆ, ಮೆಂತ್ಯ, ಕೊತ್ತಂಬರಿ ಬೀಜ ಮೂರನ್ನು ಬಟ್ಟಲಿಗೆ ಹಾಕಿ. ಮೊದಲು ಮೂಸಿ, ಮುಟ್ಟಿ, ಹೆಸರು ಹೇಳಿ: 'ಇದು ಜೀರಿಗೆ.' ಎರಡನೆಯದಾಗಿ 'ಮೆಂತ್ಯ ಎಲ್ಲಿದೆ? ಅಜ್ಜಿಗೆ ಕೊಟ್ಟು ಬಾ' ಎಂದು ಕೇಳಿ. ಈ ಹಂತವನ್ನು ಬೇಕಾದಷ್ಟು ಹಿಗ್ಗಿಸಿ, ಕಲಿಕೆ ನಡೆಯುವುದು ಇಲ್ಲೇ. ತಪ್ಪಾಗದೆ ತೋರಿಸತೊಡಗಿದ ಮೇಲೆ ಮಾತ್ರ ಮೂರನೆಯದು: 'ಇದು ಏನು?' ನಾವು ಬಹುಮಂದಿ ನೇರವಾಗಿ ಮೂರನೆಯದಕ್ಕೆ ಹಾರುತ್ತೇವೆ, ನೆಂಟರ ಮುಂದೆಯಂತೂ ಇನ್ನೂ ಬೇಗ. ಮಗು ತಪ್ಪಿದರೆ ಸುಮ್ಮನೆ ಮೊದಲ ಮೆಟ್ಟಿಲಿಗೆ ಇಳಿಯಿರಿ, 'ತಪ್ಪು' ಎಂಬ ಮಾತೇ ಬೇಡ.

ಅಕ್ಷರಗಳಿಗೂ ಇದೇ ದಾರಿ. ಹಾರ್ಡ್‌ವೇರ್ ಅಂಗಡಿಯಿಂದ ಉಪ್ಪುಕಾಗದ, ಅಂದರೆ ಸ್ಯಾಂಡ್ ಪೇಪರ್ ತಂದು, ಅಕ್ಷರ ಕತ್ತರಿಸಿ ರಟ್ಟಿಗೆ ಅಂಟಿಸಿ. ತೋರುಬೆರಳು ಮತ್ತು ನಡುಬೆರಳಿನಿಂದ ಬರೆಯುವ ದಿಕ್ಕಿನಲ್ಲೇ ಸವರುತ್ತ ಉಚ್ಚಾರಣೆ ಹೇಳಿ. ಅಕ್ಕಿಯ ಮೇಲೆ, ಮರಳಿನ ಮೇಲೆ ಬೆರಳಿನಿಂದ ತಿದ್ದಿಸುತ್ತಿದ್ದ ನಮ್ಮ ಹಿರಿಯರಿಗೂ ಬೆರಳು ಕಲಿತದ್ದು ಮರೆಯುವುದಿಲ್ಲ ಎಂದು ಗೊತ್ತಿತ್ತು. 'ಅ'ದಿಂದ 'ಳ'ವರೆಗೆ ಸಾಲಾಗಿ ಹೋಗಬೇಕಿಲ್ಲ. ರ, ಗ, ಸ, ದ, ಅ ಇಷ್ಟರಿಂದಲೇ ಸರ, ಅರಸ, ದಸರ, ಗರಗಸ ಎಂದು ಪದಗಳಾಗುತ್ತವೆ. ಐದೇ ಅಕ್ಷರ ಬಲ್ಲ ಮಗು ಪದ ಓದುತ್ತದೆ!

ಅಜ್ಜಿ, ತಾತ ಮತ್ತು ಬೆಳಗಿನ ಅವಸರ

ಕೂಡಿದ ಮನೆಯಲ್ಲಿ ಇದು ಕಷ್ಟ, ನಿಜ. ತುತ್ತು ಮಾಡಿ ತಿನ್ನಿಸುವುದು ಅಜ್ಜಿಯ ಪ್ರೀತಿ. ಅದನ್ನು ತಪ್ಪೆಂದು ಹೇಳುವುದು ನನ್ನಿಂದ ಆಗದು, ನೀವೂ ಹೇಳಬೇಡಿ. 'ಅತ್ತೆ, ಮೊದಲ ಇಡ್ಲಿ ಅವಳೇ ತಿನ್ನಲಿ, ಆಮೇಲೆ ನೀವು ತಿನ್ನಿಸಿ' ಎಂದರೆ ಇಬ್ಬರಿಗೂ ಜಾಗ ಇರುತ್ತದೆ. ಬೇಳೆ ಆರಿಸುವಾಗ, ಹೂ ಕಟ್ಟುವಾಗ ಮಗುವನ್ನು ಅವರ ಪಕ್ಕದಲ್ಲೇ ಕೂರಿಸಿ. ನಿಧಾನವಾಗಿ ಮಾಡಿ ತೋರಿಸುವುದರಲ್ಲಿ ಅವರಷ್ಟು ನುರಿತವರು ಮನೆಯಲ್ಲಿ ಬೇರೆ ಯಾರೂ ಇರುವುದಿಲ್ಲ.

ಶಾಲೆಯ ವ್ಯಾನ್ ಬರುವ ಹೊತ್ತಿನಲ್ಲಿ ಗುಂಡಿ ಕಲಿಸಲು ಹೋಗಬೇಡಿ. ಭಾನುವಾರ ಬೆಳಿಗ್ಗೆ ಅಥವಾ ಸಂಜೆಯ ಒಂದು ಗಂಟೆಯನ್ನು ಗೊತ್ತುಮಾಡಿ, ಟಿವಿ ಮತ್ತು ಮೊಬೈಲ್ ಆಫ್ ಮಾಡಿ, ನಿಮ್ಮದೂ ಸೇರಿ. ಹತ್ತಿರದಲ್ಲಿ ಕುಳಿತು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ: ಏನನ್ನು ಆರಿಸಿಕೊಂಡಳು, ಎಷ್ಟು ಹೊತ್ತು ಕುಳಿತಳು, ಎಲ್ಲಿ ಕೈ ತಡವರಿಸಿತು. ಹದಿನೈದು ದಿನವಾದರೂ ಮುಟ್ಟದ ವಸ್ತುವನ್ನು ಅಟ್ಟಕ್ಕೆ ಕಳಿಸಿ, ಅಲ್ಲಿಂದ ಇನ್ನೊಂದನ್ನು ಇಳಿಸಿ. ದಿನವೂ ಮುಟ್ಟುವುದನ್ನು, ನಿಮಗೆ ಎಷ್ಟೇ ಸಾಕೆನಿಸಿದರೂ, ಅಲ್ಲಿಯೇ ಬಿಡಿ.