ಯೂನಿಫಾರ್ಮ್ ಬ್ಯಾಗಿನಲ್ಲಿ, ಐ-ಕಾರ್ಡ್ ಒಳಜೇಬಿನಲ್ಲಿ

ದಾವಣಗೆರೆಯಿಂದ ಕಾಶ್ಮೀರದ ಕಡೆ ರೈಲಿನಲ್ಲಿ ಹೋದರೆ ರಜೆಯ ಒಂದು ಪಾಲು ಹಳಿ ಮೇಲೇ ಮುಗಿಯುತ್ತದೆ. ಅದಕ್ಕೇ ನಮ್ಮ ಕಡೆಯ ಎಷ್ಟೋ ಫೌಜಿಗಳು, ಅಂದರೆ ಸೈನಿಕರು, ಸ್ವಂತ ದುಡ್ಡು ಹಾಕಿಯಾದರೂ ವಿಮಾನ ಹತ್ತುತ್ತಾರೆ. ನಾನೂ ಅಷ್ಟೇ. ನಮ್ಮೂರಲ್ಲಿ ವಿಮಾನ ನಿಲ್ದಾಣ ಇಲ್ಲ. ಹುಬ್ಬಳ್ಳಿ ಇದೆ, 2023ರಿಂದ ಶಿವಮೊಗ್ಗವೂ ಇದೆ. ಆದರೆ ನನಗೆ ಬೇಕಾದ ಹೊತ್ತಿನ ವಿಮಾನ ಸಿಗುವುದು ಹೆಚ್ಚಾಗಿ ಬೆಂಗಳೂರಿನಿಂದಲೇ. ರಾತ್ರಿ ಬಸ್ಸು ಹತ್ತಿ ಗೊರಗುಂಟೆಪಾಳ್ಯದಲ್ಲಿ ಇಳಿದು, ಹೆಬ್ಬಾಳಕ್ಕೆ ಬಂದು ವಿಮಾನ ನಿಲ್ದಾಣಕ್ಕೆ ಹೋಗುವ ವಾಯುವಜ್ರ ಬಸ್ಸು ಹಿಡಿಯುತ್ತೇನೆ. ಮೆಜೆಸ್ಟಿಕ್‌ವರೆಗೂ ಹೋಗುವ ಅಗತ್ಯ ಇಲ್ಲ.

ಹೊರಡುವಾಗ ಮನೆಯಲ್ಲಿ ಪ್ರತಿ ಸಲ ಒಂದೇ ಮಾತು: ಯೂನಿಫಾರ್ಮ್ ಹಾಕ್ಕೊಂಡು ಹೋಗು, ನಾಲ್ಕು ಜನ ನೋಡಲಿ. ನಾಲ್ಕು ಜನ ನೋಡುತ್ತಾರೆ ಅನ್ನುವುದೇ ನನ್ನ ತಕರಾರು. ಭುಜದ ಮೇಲಿನ ಪಟ್ಟಿ, ಎದೆಯ ಮೇಲಿನ ಹೆಸರು, ತೋಳಿನ ಗುರುತು ಓದಲು ಬಂದವನಿಗೆ ನಾನು ಯಾವ ರೆಜಿಮೆಂಟು, ಯಾವ ಕಡೆ ಹೋಗುತ್ತಿದ್ದೇನೆ ಅನ್ನುವುದು ಅರ್ಧ ಗೊತ್ತಾಗಿಹೋಗುತ್ತದೆ. ಉಳಿದರ್ಧವನ್ನು ಪಕ್ಕದ ಸೀಟಿನವರು ಪ್ರೀತಿಯಿಂದಲೇ ಕೇಳುತ್ತಾರೆ. ಪೋಸ್ಟಿಂಗ್ ಎಲ್ಲಿ, ಅಲ್ಲಿ ಎಷ್ಟು ಜನ ಇದ್ದೀರಿ, ಅಂತ. ಆಮೇಲೆ ಸೆಲ್ಫಿ. ಆ ಫೋಟೋ ಸಂಜೆಯೊಳಗೆ ಯಾರ ಮೊಬೈಲಿನಲ್ಲಿ ಇರುತ್ತದೋ! ಅದಕ್ಕೇ ರಜೆಗೆ ಬರುವಾಗ, ಹೋಗುವಾಗ ಸಿವಿಲ್ ಡ್ರೆಸ್ಸೇ. ಬೂಟು, ಬೆಲ್ಟಿನ ಲೋಹಕ್ಕೆ ತಪಾಸಣೆ ಬಾಗಿಲು ಕಿರುಚುವುದೂ ತಪ್ಪುತ್ತದೆ.

ಯೂನಿಫಾರ್ಮ್ ಹಾಕಿದರೆ ಮೊದಲು ಒಳಗೆ ಬಿಡುತ್ತಾರೆ ಅಂತ ಹೊಸ ಹುಡುಗರು ಅಂದುಕೊಂಡಿರುತ್ತಾರೆ. ಗೇಟಿನಲ್ಲಿ ನಿಂತಿರುವ ಸಿಐಎಸ್ಎಫ್ (ನಿಲ್ದಾಣ ಕಾಯುವ ಕೇಂದ್ರ ಭದ್ರತಾ ಪಡೆ) ಜವಾನನಿಗೆ ಬೇಕಾಗಿರುವುದು ಟಿಕೆಟ್ ಮತ್ತು ಫೋಟೋ ಇರುವ ಗುರುತಿನ ಚೀಟಿ. ಬಟ್ಟೆ ಯಾರು ಬೇಕಾದರೂ ಹೊಲಿಸಿಕೊಳ್ಳಬಹುದು ಅಲ್ವಾ? 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಗೆ ನುಗ್ಗಿದವರು ತೊಟ್ಟಿದ್ದೂ ಸೈನ್ಯದ ಬಟ್ಟೆಯನ್ನೇ. ಅದಾದ ಮೇಲೆ, ಸೈನ್ಯದ ಮಾದರಿಯ ಬಟ್ಟೆ ಹಾಕಬೇಡಿ, ಮಾರಬೇಡಿ ಅಂತ ಸೈನ್ಯವೇ ಜನರನ್ನು ಕೇಳಿಕೊಂಡಿತು. ನನ್ನ ಹಳೇ ಕಾಂಬ್ಯಾಟ್ ಪ್ಯಾಂಟಿಗೆ ಕಣ್ಣು ಹಾಕಿರುವ ತಮ್ಮನಿಗೂ ಇದನ್ನೇ ಹೇಳಿದ್ದೇನೆ. ಸೈನಿಕ ಅಂತ ನಂಬಿಸಲು ಸೈನಿಕನ ಬಟ್ಟೆ ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಇದೆ. ಮೂರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

ಹಾಗಾಗಿ ಕೆಲಸ ಮಾಡುವುದು ಐ-ಕಾರ್ಡ್, ಅಂದರೆ ಸೈನ್ಯ ಕೊಟ್ಟ ಗುರುತಿನ ಚೀಟಿ. ಡಿಫೆನ್ಸ್ ರಿಯಾಯಿತಿಯಲ್ಲಿ ಟಿಕೆಟ್ ತೆಗೆದಿದ್ದರೆ ಕೌಂಟರಿನಲ್ಲಿ ಅದನ್ನು ತೋರಿಸಲೇಬೇಕು. ರಿಯಾಯಿತಿ ಸಿಗುವುದು ಮೂಲ ದರದ ಮೇಲೆ, ತೆರಿಗೆಯ ಮೇಲಲ್ಲ. ಒಮ್ಮೊಮ್ಮೆ ಸಾಮಾನ್ಯ ಟಿಕೆಟ್ಟೇ ಅಗ್ಗ ಇರುತ್ತದೆ, ಎರಡನ್ನೂ ನೋಡಿ. ಹೆಸರಿನ ವಿಷಯದಲ್ಲಿ ನಮ್ಮ ಕಡೆಯವರು ಜಾಸ್ತಿ ಎಚ್ಚರ ಇರಬೇಕು. ಶಾಲೆಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು, ಭರ್ತಿಯ ದಿನ ಗುಮಾಸ್ತ ಬರೆದುಕೊಂಡ ಇನ್ನೊಂದು ಸ್ಪೆಲ್ಲಿಂಗ್. ಯಾವ ಕಾರ್ಡ್ ತೋರಿಸುತ್ತೇನೋ ಅದರಲ್ಲಿ ಇರುವ ಹಾಗೇ ನಾನು ಟಿಕೆಟ್ ಮಾಡಿಸುತ್ತೇನೆ. ರಜೆ ಸರ್ಟಿಫಿಕೇಟ್ ಜೊತೆಗಿರುತ್ತದೆ, ಆದರೆ ಕೇಳದೆ ತೆಗೆಯುವುದಿಲ್ಲ.

ಕಾರ್ಡನ್ನು ಕೊರಳಿಗೆ ನೇತುಹಾಕಿಕೊಳ್ಳುವುದಿಲ್ಲ, ಪರ್ಸಿನಲ್ಲೂ ಇಡುವುದಿಲ್ಲ. ಒಳಜೇಬು, ಅದಕ್ಕೊಂದು ಗುಂಡಿ. ತೋರಿಸಿ, ವಾಪಸ್ ಅಲ್ಲೇ. ಕಳೆದರೆ ಪೊಲೀಸ್ ದೂರು, ಯೂನಿಟ್‌ನಲ್ಲಿ ವಿಚಾರಣೆ, ಯಾರಿಗೆ ಬೇಕು! ಟಿಕೆಟ್ ಏಜೆಂಟ್ ಒಬ್ಬರು 'ಕಾರ್ಡಿನ ಫೋಟೋ ವಾಟ್ಸಾಪ್ ಮಾಡಿ ಸಾರ್, ಸಾಕು' ಅಂದರು. ಅವರ ಹತ್ತಿರ ಟಿಕೆಟ್ ಮಾಡಿಸುವುದನ್ನೇ ಬಿಟ್ಟೆ. 'ನಾನು ಆರ್ಮಿಯವನು, ವರ್ಗಾವಣೆ ಆಗಿದೆ, ಬೈಕ್ ಅಗ್ಗಕ್ಕೆ ಕೊಡ್ತೀನಿ' ಅಂತ ಆನ್‌ಲೈನಿನಲ್ಲಿ ಜನರನ್ನು ಮೋಸ ಮಾಡುವವರು ನಂಬಿಕೆಗೆ ತೋರಿಸುವುದು ಇಂಥ ಫೋಟೋಗಳನ್ನೇ. ಏರ್‌ಲೈನ್ ವೆಬ್‌ಸೈಟಿನಲ್ಲಿ ನಾನೇ ಬುಕ್ ಮಾಡುತ್ತೇನೆ, ಕಾರ್ಡನ್ನು ಕೌಂಟರಿನಲ್ಲಿ ಕೈಯಾರೆ ತೋರಿಸುತ್ತೇನೆ.

ಇನ್ನು ಬ್ಯಾಗು. ಫೈರಿಂಗ್ ರೇಂಜಿಗೆ ಒಯ್ದ ಪಿಟ್ಟುವನ್ನು (ಬೆನ್ನಿಗೆ ಹಾಕುವ ಚೀಲವನ್ನು) ವಿಮಾನಕ್ಕೆ ತರಲೇಬಾರದು ಅನ್ನುವುದು ನನ್ನ ನಿಯಮ. ಮೂಲೆಯಲ್ಲಿ ಒಂದು ಖಾಲಿ ಖೋಕಾ, ಅಂದರೆ ಹಾರಿಸಿದ ಗುಂಡಿನ ಖಾಲಿ ಚಿಪ್ಪು, ಸಿಕ್ಕಿದರೂ ಸ್ಕ್ಯಾನರ್ ಹತ್ತಿರ ನಿಲ್ಲಿಸುತ್ತಾರೆ. ಜೀವಂತ ಗುಂಡು ಸಿಕ್ಕರಂತೂ ಪೊಲೀಸ್ ಠಾಣೆ, ಆರ್ಮ್ಸ್ ಆಕ್ಟ್. ಫೌಜಿ ಅಂದರೂ ಬಿಡುವುದಿಲ್ಲ, ಬಿಡಲೂಬಾರದು. ಚಾಕು ಚೆಕ್-ಇನ್ ಬ್ಯಾಗಿಗೆ, ಪವರ್ ಬ್ಯಾಂಕ್ ಕೈಚೀಲಕ್ಕೆ. ಅವ್ವ ಕಟ್ಟಿಕೊಡುವ ಒಣ ಕೊಬ್ಬರಿ ಮನೆಯಲ್ಲೇ ಉಳಿಯುತ್ತದೆ. ಎಣ್ಣೆ ಅಂಶ ಜಾಸ್ತಿ, ಬೇಗ ಬೆಂಕಿ ಹಿಡಿಯುತ್ತದೆ ಅಂತ ಚೆಕ್-ಇನ್ ಬ್ಯಾಗಿನಲ್ಲಿ ಬಿಡುವುದಿಲ್ಲ. ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಚೆಕ್-ಇನ್‌ನಲ್ಲಿ ಆರಾಮಾಗಿ ಹೋಗುತ್ತವೆ. ಖಾರದ ಪುಡಿಯನ್ನು ಮಾತ್ರ ಕೈಚೀಲದಲ್ಲಿ ಇಡಬೇಡಿ.

ಶ್ರೀನಗರದಿಂದ ವಾಪಸ್ ಬರುವವರು ಹೊತ್ತು ಜಾಸ್ತಿ ಇಟ್ಟುಕೊಳ್ಳಿ. ಟರ್ಮಿನಲ್‌ಗಿಂತ ದೂರದ ಡ್ರಾಪ್ ಗೇಟಿನಲ್ಲೇ ಇಳಿಸಿ ಲಗೇಜು ಸ್ಕ್ಯಾನ್ ಮಾಡುತ್ತಾರೆ, ಒಳಗೆ ಮತ್ತೆ ತಪಾಸಣೆ. ಅದು ವಾಯುಪಡೆಯ ನೆಲೆಯೂ ಹೌದು, ಫೋಟೋ ತೆಗೆಯುವ ಹಾಗಿಲ್ಲ. 2025ರ ಮೇ ತಿಂಗಳಲ್ಲಿ, ಇಂಥ ನಿಲ್ದಾಣಗಳಲ್ಲಿ ವಿಮಾನ ಏರುವಾಗ ಇಳಿಯುವಾಗ 10,000 ಅಡಿಯವರೆಗೂ ಕಿಟಕಿ ಪರದೆ ಮುಚ್ಚಿರಬೇಕು ಅಂತಲೂ ಆದೇಶ ಬಂತು. ಹಿಮದ ಬೆಟ್ಟ ನೋಡುವ ಆಸೆಗೆ ಕಿಟಕಿ ಸೀಟಿಗೆ ದುಡ್ಡು ಕೊಡುವವರು ಆ ಆದೇಶ ಈಗಲೂ ಇದೆಯೇ ಅಂತ ಒಮ್ಮೆ ಕೇಳಿಕೊಳ್ಳಿ.